ಆ ಬಣ್ಣ ಖರೇ ಅದಾವೇನ್ರಿ, ಸರ್?

ಹೋದ ಡಿಸೆಂಬರ್‌ನಲ್ಲಿ ಅಮಾವಾಸ್ಯೆಯ ಹಿಂದುಮುಂದಿನ ಒಂದು ರಾತ್ರಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಶಾಲೆಯ ಮಾಳಿಗೆ ಹತ್ತಿಸಿದ್ದೆ. ನಮ್ಮ ಜತ್ತ ತಾಲೂಕಿನಲ್ಲಿ ಮಳೆ ಕಡಿಮೆ. ಅದರ ಸಂಕಟ ಎಲ್ಲರಿಗೂ ಗೊತ್ತು. ಆದರೆ ಮೋಡವಿಲ್ಲದ ಆಕಾಶಕ್ಕೆ ಮಾತ್ರ ಇಲ್ಲಿ ಬರವಿಲ್ಲ. ಇದ್ದದ್ದು ಒಂದೇ ಬೈನಾಕ್ಯುಲರ್. ಪಾಳಿ ಹಚ್ಚಿ ನಿಂತು ಒಬ್ಬೊಬ್ಬರೇ ದೇವಯಾನಿ ಗೆಲಾಕ್ಸಿಯನ್ನು ನೋಡಿದರು. "ಏನ್ ಕಾಣಿಸ್ತು?" ಅಂತ ಕೇಳಿದರೆ ಒಬ್ಬ "ಹೊಗಿ ಇದ್ದಂಗ ಐತ್ರಿ" ಅಂದ. ಇನ್ನೊಬ್ಬ "ಕನ್ನಡಿ ಮ್ಯಾಲ ಉಸುರು ಬಿಟ್ಟಂಗ" ಅಂದ. ಇದಕ್ಕಿಂತ ಚಲೋ ವರ್ಣನೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಮರುದಿನ ಪ್ರಯೋಗಾಲಯದಲ್ಲಿ ಒಬ್ಬ ಹುಡುಗಿ ಗೋಡೆಯ ಮೇಲಿನ ಚಾರ್ಟಿನ ಮುಂದೆ ನಿಂತಿದ್ದಳು. ಅದರಲ್ಲಿ ಅದೇ ಗೆಲಾಕ್ಸಿ. ಸುತ್ತಲೂ ಬಳೆಗಳ ಹಾಗೆ ಕೇಸರಿ ಉಂಗುರಗಳು, ನಡುವೆ ನೀಲಿ ಚುಕ್ಕೆಗಳು. "ಸರ್, ನಿನ್ನಿ ರಾತ್ರಿ ನೋಡಿದ್ದು ಬೂದಿ ಬಣ್ಣದ್ದು. ಇಲ್ಲಿ ನೋಡಿದ್ರ ಕೇಸರಿ, ನೀಲಿ. ಈ ಬಣ್ಣ ಖರೇ ಅದಾವೇನ್ರಿ?"

ನಾನು ಯೋಚನೆ ಮಾಡದೆ ಹೇಳಿಬಿಟ್ಟೆ: "ದೊಡ್ಡ ದೂರದರ್ಶಕದಾಗ ನೋಡಿದ್ರ ಹಂಗ ಕಾಣ್ತದವಾ."

ಗಂಟೆ ಹೊಡೆಯಿತು, ಮಕ್ಕಳು ಹೋದರು. ಆಮೇಲೆ ಚಾರ್ಟಿನ ಮೂಲೆಯ ಸಣ್ಣ ಅಕ್ಷರಗಳನ್ನು ಓದಿದೆ. ಆ ಕೇಸರಿ ಅವಕೆಂಪು ಬೆಳಕು. ಆ ನೀಲಿ ಕ್ಷ-ಕಿರಣ. ನಮ್ಮ ಕಣ್ಣಿಗೆ ಕಾಣುವ ಬೆಳಕು ಆ ಚಿತ್ರದಲ್ಲಿ ಒಂದು ಹನಿಯೂ ಇರಲಿಲ್ಲ. ಎಷ್ಟು ದೊಡ್ಡ ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರೂ ಯಾರಿಗೂ ದೇವಯಾನಿ ಹಾಗೆ ಕಾಣುವುದಿಲ್ಲ. ನಾನು ಹೇಳಿದ್ದು ತಪ್ಪು. ಹಾಗಾದರೆ ಚಾರ್ಟು ಸುಳ್ಳೇ? ಅದೂ ಅಲ್ಲ. ಆ ಹುಡುಗಿಗೆ ಕೊಡಬೇಕಾಗಿದ್ದ ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೀವೇ ಒಮ್ಮೆ ನೋಡಿ. ಡಿಸೆಂಬರ್ ನಡುವಿನಲ್ಲಿ ಸಂಜೆ ಏಳೂವರೆ-ಎಂಟರ ಹೊತ್ತಿಗೆ ದೇವಯಾನಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತದೆ. ನವೆಂಬರ್‌ನಲ್ಲಾದರೆ ಒಂಬತ್ತೂವರೆ ಸುಮಾರಿಗೆ. ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಸೇರಿ ಒಂದು ದೊಡ್ಡ ಚೌಕ ಮಾಡುತ್ತವೆ. ಅದರ ಈಶಾನ್ಯ ಮೂಲೆಯಿಂದ ಹೊರಡುವ ನಕ್ಷತ್ರಗಳ ಸಾಲಿನಲ್ಲಿ ಎರಡನೆಯದು ಚೆನ್ನಾಗಿ ಹೊಳೆಯುತ್ತದೆ. ಅಲ್ಲಿಂದ ಉತ್ತರಕ್ಕೆ ತಿರುಗಿ ಎರಡು ಸಣ್ಣ ನಕ್ಷತ್ರ ದಾಟಿದರೆ ಸಿಗುತ್ತದೆ ಆ ಮಂಜಿನ ಕಲೆ. ಆಚೆಗೆ ಇಂಗ್ಲಿಷಿನ ಎಂ ಅಕ್ಷರದ ಹಾಗೆ ಕಾಣುವುದು ಕ್ಯಾಸಿಯೋಪಿಯಾ. ಮರಾಠಿಯಲ್ಲಿ ಅದಕ್ಕೆ ಶರ್ಮಿಷ್ಠಾ ಅನ್ನುತ್ತಾರೆ. ದೇವಯಾನಿ, ಶರ್ಮಿಷ್ಠೆ ಇಬ್ಬರನ್ನೂ ಆಕಾಶದಲ್ಲೂ ಅಕ್ಕಪಕ್ಕ ಕೂಡಿಸಿದವರ ಧೈರ್ಯ ಮೆಚ್ಚಬೇಕು!

ಈ ಗೆಲಾಕ್ಸಿಗೆ ಆಂಡ್ರೊಮೆಡಾ, ಎಂ 31 ಎಂಬ ಹೆಸರುಗಳೂ ಇವೆ. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಬರಿಗಣ್ಣಿಗೆ ಕಾಣುವುದು ಅದರ ನಡುವಿನ ಹೊಳೆಯುವ ಭಾಗ ಮಾತ್ರ. ಪೂರ್ತಿ ಗೆಲಾಕ್ಸಿ ಕಾಣುವಂತಿದ್ದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ ಇರುತ್ತಿತ್ತು.

ಬೂದಿ ಬಣ್ಣ ಯಾಕೆ? ಇದು ಗೆಲಾಕ್ಸಿಯ ತಪ್ಪಲ್ಲ, ನಮ್ಮ ಕಣ್ಣಿನ ಮಿತಿ. ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಬ್ಬಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ದೀಪವಿಲ್ಲದ ಕೋಣೆಯಲ್ಲಿ ಕೆಂಪು ಅಂಗಿ, ಹಸಿರು ಅಂಗಿ ಎರಡೂ ಒಂದೇ ಥರ ಕಾಣುವುದಿಲ್ಲವೇ, ಹಾಗೆ. ದೂರದರ್ಶಕ ಹಚ್ಚಿದರೆ ಗೆಲಾಕ್ಸಿ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಅದರ ಬೆಳಕೂ ಅಷ್ಟೇ ಅಗಲಕ್ಕೆ ಹರಡಿಹೋಗುತ್ತದೆ. ಆದ್ದರಿಂದ ಆಗಲೂ ಬೂದಿಯೇ.

ಇನ್ನೊಂದು ಮಿತಿಯೂ ಇದೆ, ಅದು ಇದಕ್ಕಿಂತ ದೊಡ್ಡದು. ಬೆಳಕು ವಿದ್ಯುತ್ಕಾಂತೀಯ ತರಂಗ ಎಂದು ನೀವು ಓದಿದ್ದೀರಿ. ಅದರ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್ ನಡುವೆ ಇದ್ದರೆ ನಮಗೆ ಕಾಣುತ್ತದೆ. ಅದಕ್ಕಿಂತ ಉದ್ದವಾದರೆ ಅವಕೆಂಪು, ಮೈಕ್ರೋವೇವ್, ರೇಡಿಯೊ. ಗಿಡ್ಡವಾದರೆ ಅತಿನೇರಳೆ, ಕ್ಷ-ಕಿರಣ, ಗಾಮಾ ಕಿರಣ. ಎಲ್ಲವೂ ಬೆಳಕೇ. ಎಲ್ಲದರ ವೇಗವೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್.

ಕಾಣದ ಬೆಳಕು ಅಂದರೆ ಬರೀ ಪುಸ್ತಕದ ಮಾತು ಅನ್ನಿಸಿದರೆ ಮನೆಯ ಟಿವಿ ರಿಮೋಟ್ ತೆಗೆದುಕೊಳ್ಳಿ. ಅದರ ಮೂತಿಯ ಬಲ್ಬನ್ನು ಮೊಬೈಲ್ ಕ್ಯಾಮೆರಾದ ಎದುರಿಗೆ ಹಿಡಿದು ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ. ಮೊಬೈಲಿನ ಪರದೆಯಲ್ಲಿ ಮಾತ್ರ ಬಲ್ಬು ಮಿಣಮಿಣ ಅನ್ನುತ್ತದೆ. ಕೆಲವು ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪು ತಡೆಯುವ ಫಿಲ್ಟರ್ ಇರುತ್ತದೆ, ಅದರಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾ ಬಳಸಿ. ಈಗ ಪರದೆಯಲ್ಲಿ ಕಂಡ ಬಣ್ಣ ಯಾವುದು ನೋಡಿ. ಹೆಚ್ಚಿನ ಫೋನುಗಳಲ್ಲಿ ತಿಳಿ ನೇರಳೆ ಅಥವಾ ಬಿಳಿ. ರಿಮೋಟಿನಿಂದ ಬಂದ ಬೆಳಕು ನೇರಳೆಯೂ ಅಲ್ಲ, ಬಿಳಿಯೂ ಅಲ್ಲ. ಅದು ಅವಕೆಂಪು, ಅದಕ್ಕೆ ನಮ್ಮ ಭಾಷೆಯಲ್ಲಿ ಬಣ್ಣದ ಹೆಸರೇ ಇಲ್ಲ. ಪರದೆಗೆ ಏನಾದರೂ ಬಣ್ಣ ತೋರಿಸಲೇಬೇಕು, ತೋರಿಸಿತು. ಬಣ್ಣ ಫೋನಿನದು. ಆದರೆ ಬೆಳಕು ಬಂದದ್ದು ಖರೇ. ಇಲ್ಲದಿದ್ದರೆ ಟಿವಿಯ ಚಾನೆಲ್ ಬದಲಾಗುತ್ತಿರಲಿಲ್ಲ!

ಈ ರಿಮೋಟನ್ನು ನೆನಪಿನಲ್ಲಿಡಿ. ಮತ್ತೆ ಬೇಕಾಗುತ್ತದೆ.

ಕಣ್ಣಿಗೆ ಕಾಣುವ ಬೆಳಕಿನಲ್ಲಿ ದೇವಯಾನಿಯನ್ನು ಮನುಷ್ಯರು ಬಹಳ ಹಿಂದಿನಿಂದ ನೋಡಿದ್ದಾರೆ. ಪರ್ಷಿಯಾದ ಅಲ್ ಸೂಫಿ ಕ್ರಿ.ಶ. 964ರಲ್ಲಿ ಬರೆದ ನಕ್ಷತ್ರಗಳ ಪುಸ್ತಕದಲ್ಲಿ ಅದನ್ನು ಸಣ್ಣ ಮೋಡ ಎಂದು ಗುರುತಿಸಿದ. 1888ರಲ್ಲಿ ಐಸಾಕ್ ರಾಬರ್ಟ್ಸ್ ಎಂಬ ಹವ್ಯಾಸಿ ಇಂಗ್ಲೆಂಡಿನಲ್ಲಿ ಗಂಟೆಗಟ್ಟಲೆ ಬೆಳಕು ಹಿಡಿದು ಅದರ ಫೋಟೊ ತೆಗೆದಾಗ ಮೊದಲ ಬಾರಿಗೆ ಸುರುಳಿಯ ಆಕಾರ ಕಾಣಿಸಿತು. ಅವನೇನೋ ಅದು ಹುಟ್ಟುತ್ತಿರುವ ಒಂದು ಸೌರಮಂಡಲ ಅಂದುಕೊಂಡ. ಎಡ್ವಿನ್ ಹಬಲ್ 1923ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕದಿಂದ ಅದರೊಳಗೆ ಒಂದು ಸೆಫೀಡ್ ನಕ್ಷತ್ರ ಕಂಡುಹಿಡಿದ. ಸೆಫೀಡ್‌ಗಳ ಹೊಳಪು ಒಂದು ಲಯದಲ್ಲಿ ಏರಿಳಿಯುತ್ತದೆ. ಆ ಲಯದಿಂದ ಅದರ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಅದರಿಂದ ದೂರ ಸಿಗುತ್ತದೆ. ಅವನ ಲೆಕ್ಕಕ್ಕೆ ಬಂದದ್ದು ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಅಂದರೆ ಅದು ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯದೇ ಗೆಲಾಕ್ಸಿ.

ಆದರೆ ದೂರ 25 ಲಕ್ಷ ಅಂತ ಮೇಲೆ ಬರೆದೆನಲ್ಲ, ಇಲ್ಲಿ 9 ಲಕ್ಷ ಹೇಗಾಯಿತು? ಆ ತಪ್ಪು ತಿದ್ದುವ ದಾರಿ ತೆರೆದದ್ದು ಒಂದು ಫೋಟೊ ಪ್ಲೇಟಿನ ಬಣ್ಣ. ಈ ಕಥೆ ನನಗೆ ಬಹಳ ಇಷ್ಟ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ಮೌಂಟ್ ವಿಲ್ಸನ್‌ನ ಹೆಚ್ಚಿನ ವಿಜ್ಞಾನಿಗಳು ಯುದ್ಧದ ಕೆಲಸಕ್ಕೆ ಹೋಗಿದ್ದರು. ವಾಲ್ಟರ್ ಬಾಡೆ ಜರ್ಮನಿಯಲ್ಲಿ ಹುಟ್ಟಿದವರು. ಶತ್ರುದೇಶದವರು ಎಂಬ ಲೆಕ್ಕದಲ್ಲಿ ಅವರನ್ನು ಆ ಕೆಲಸಕ್ಕೆ ಸೇರಿಸಲಿಲ್ಲ. ಹೀಗಾಗಿ ಜಗತ್ತಿನ ಅತಿ ದೊಡ್ಡ ದೂರದರ್ಶಕ ಅವರಿಗೆ ಬೇಕಾದಷ್ಟು ರಾತ್ರಿ ಸಿಕ್ಕಿತು. ಮೇಲಾಗಿ ದಾಳಿಯ ಭಯದಿಂದ ಕೆಳಗಿನ ಲಾಸ್ ಏಂಜಲಿಸ್ ನಗರದ ದೀಪಗಳನ್ನು ಆರಿಸುತ್ತಿದ್ದರು. ಆಕಾಶ ಕಪ್ಪಗಾಯಿತು.

ಅಲ್ಲಿಯವರೆಗೆ ಯಾರ ಫೋಟೊದಲ್ಲೂ ದೇವಯಾನಿಯ ನಡುಭಾಗದ ನಕ್ಷತ್ರಗಳು ಬಿಡಿಬಿಡಿಯಾಗಿ ಕಂಡಿರಲಿಲ್ಲ. ಸುರುಳಿಯ ತೋಳುಗಳಲ್ಲಿ ನಕ್ಷತ್ರಗಳು ಕಾಣುತ್ತಿದ್ದವು, ನಡುವೆ ಮಾತ್ರ ಬರೀ ಮಬ್ಬು. ಆಗಿನ ಸಾಮಾನ್ಯ ಪ್ಲೇಟುಗಳು ನೀಲಿ ಬೆಳಕನ್ನು ಚೆನ್ನಾಗಿ ಹಿಡಿಯುತ್ತಿದ್ದವು. ನಡುಭಾಗದ ಪ್ರಖರ ನಕ್ಷತ್ರಗಳು ಕೆಂಪಿದ್ದರೆ? ಎಂದು ಬಾಡೆ ಯೋಚಿಸಿದರು. 1943ರ ಶರತ್ಕಾಲದಲ್ಲಿ ಕೆಂಪು ಬೆಳಕಿಗೆ ಸ್ಪಂದಿಸುವ ಪ್ಲೇಟುಗಳನ್ನು ಹಾಕಿದರು. ಅದೇ ದೂರದರ್ಶಕ, ಅದೇ ಗೆಲಾಕ್ಸಿ. ಮಬ್ಬು ಒಡೆದು ಸಾವಿರಾರು ಕೆಂಪು ನಕ್ಷತ್ರಗಳಾಯಿತು.

ಇದರಿಂದ ಗೆಲಾಕ್ಸಿಯಲ್ಲಿ ಎರಡು ಬಗೆಯ ನಕ್ಷತ್ರ ಸಮೂಹಗಳಿವೆ ಎಂದು ತಿಳಿಯಿತು. ತೋಳುಗಳಲ್ಲಿ ಈಚೆಗೆ ಹುಟ್ಟಿದ ಬಿಸಿ ನೀಲಿ ನಕ್ಷತ್ರಗಳು, ನಡುವೆ ಹಳೆಯ ಕೆಂಪು ನಕ್ಷತ್ರಗಳು. ಸೆಫೀಡ್‌ಗಳೂ ಎರಡು ಬಗೆ ಎಂದು ಮುಂದೆ ಗೊತ್ತಾಯಿತು. ಹಬಲ್ ಒಂದು ಬಗೆಯ ಅಳತೆಗೋಲಿನಿಂದ ಇನ್ನೊಂದು ಬಗೆಯದನ್ನು ಅಳೆದಿದ್ದ. 1952ರಲ್ಲಿ ರೋಮ್ ನಗರದ ಸಭೆಯಲ್ಲಿ ಬಾಡೆ ಇದನ್ನು ತಿಳಿಸಿದಾಗ ಗೆಲಾಕ್ಸಿಗಳ ದೂರ ಒಮ್ಮೆಲೇ ಎರಡರಷ್ಟಾಯಿತು! ಆಮೇಲೆ ಇನ್ನಷ್ಟು ತಿದ್ದುಪಡಿ ಆಗಿ ಈಗಿನ 25 ಲಕ್ಷಕ್ಕೆ ಬಂದಿದೆ. ನೀಲಿಯಿಂದ ಕೆಂಪಿಗೆ ಹೋದದ್ದಕ್ಕೇ ಇಷ್ಟು. ಎರಡೂ ಕಣ್ಣಿಗೆ ಕಾಣುವ ಬೆಳಕೇ, ಇನ್ನೂ ಹೊಸ್ತಿಲು ದಾಟಿಲ್ಲ.

ಹೊಸ್ತಿಲು ದಾಟಿದ್ದು 1950ರಲ್ಲಿ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ಹ್ಯಾನ್‌ಬರಿ ಬ್ರೌನ್ ಮತ್ತು ಸಿರಿಲ್ ಹಜಾರ್ಡ್ ಇಬ್ಬರೂ ಸೇರಿ ದೇವಯಾನಿಯಿಂದ ಬರುವ ರೇಡಿಯೊ ತರಂಗಗಳನ್ನು ಹಿಡಿದರು. ಅವರ ದೂರದರ್ಶಕ ಅಂದರೆ ನೆಲಕ್ಕೆ ಕೂಡಿಸಿದ, ತಂತಿಯಿಂದ ಹೆಣೆದ 66 ಮೀಟರ್ ಅಗಲದ ಬೋಗುಣಿ. ಅದನ್ನು ತಿರುಗಿಸಲು ಬರುತ್ತಿರಲಿಲ್ಲ. ನಡುವಿನ ಕಂಬವನ್ನು ಸ್ವಲ್ಪ ಸ್ವಲ್ಪ ವಾಲಿಸುತ್ತ, ಭೂಮಿಯ ತಿರುಗುವಿಕೆಯನ್ನೇ ನಂಬಿ ಕೆಲಸ ಮಾಡಿದರು. ಅವರು ಹಿಡಿದ ತರಂಗದೂರ ಸುಮಾರು 1.9 ಮೀಟರ್, ಒಬ್ಬ ಎತ್ತರದ ಮನುಷ್ಯನಷ್ಟು. ತರಂಗ ಇಷ್ಟು ಉದ್ದ ಆದ್ದರಿಂದಲೇ ಬೋಗುಣಿ ಇಷ್ಟು ದೊಡ್ಡದು ಬೇಕು. ಚಿಕ್ಕದಾದರೆ ಎಲ್ಲವೂ ಕಲಸಿಹೋಗುತ್ತದೆ.

ರೇಡಿಯೊ ಬೆಳಕಿನಲ್ಲಿ ಒಂದು ತರಂಗದೂರಕ್ಕೆ ವಿಶೇಷ ಗೌರವ ಇದೆ, 21 ಸೆಂಟಿಮೀಟರ್. ಒಂದು ಎ4 ಹಾಳೆಯ ಅಗಲ ಅಳೆದು ನೋಡಿ, ಸರಿಯಾಗಿ ಅಷ್ಟೇ. ತಣ್ಣಗಿನ ಹೈಡ್ರೋಜನ್ ಪರಮಾಣು ತಾನಾಗಿ ಹೊರಬಿಡುವ ತರಂಗ ಇದು. ಇಂಥದ್ದು ಇರಬೇಕೆಂದು 1944ರಲ್ಲಿ ಡಚ್ ವಿಜ್ಞಾನಿ ವಾನ್ ಡೆ ಹುಲ್ಸ್ಟ್ ಲೆಕ್ಕ ಹಾಕಿ ಹೇಳಿದರು. 1951ರಲ್ಲಿ ಹಾರ್ವರ್ಡ್‌ನ ಯೂಯಿನ್ ಮತ್ತು ಪರ್ಸೆಲ್, ಪ್ಲೈವುಡ್‌ಗೆ ತಾಮ್ರದ ತಗಡು ಹೊದಿಸಿ ಮಾಡಿದ ಒಂದು ಕೊಂಬಿನಾಕಾರದ ಆಂಟೆನಾವನ್ನು ಪ್ರಯೋಗಾಲಯದ ಕಿಟಕಿಯ ಹೊರಗೆ ಕೂಡಿಸಿ ಅದನ್ನು ಹಿಡಿದೇಬಿಟ್ಟರು. ನಕ್ಷತ್ರಗಳು ಹುಟ್ಟುವುದು ಹೈಡ್ರೋಜನ್‌ನಿಂದ. ಕಣ್ಣಿಗೆ ಕಾಣದ ಆ ಕಚ್ಚಾ ಸಾಮಾನು ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂಬ ನಕ್ಷೆ ಈಗ ಬರೆಯಬಹುದು.

ಬರೀ ನಕ್ಷೆ ಅಲ್ಲ, ವೇಗವೂ ಸಿಗುತ್ತದೆ. ಎಸ್.ಟಿ. ಬಸ್ಸು ಹಾರ್ನ್ ಹೊಡೆಯುತ್ತ ಹತ್ತಿರ ಬರುವಾಗ ಒಂದು ಸ್ವರ, ದಾಟಿ ಹೋಗುವಾಗ ಇನ್ನೊಂದು. ಡಾಪ್ಲರ್ ಪರಿಣಾಮ. ಗೆಲಾಕ್ಸಿಯ ಯಾವ ಭಾಗ ನಮ್ಮ ಕಡೆಗೆ ಬರುತ್ತಿದೆಯೋ ಅಲ್ಲಿಯ ತರಂಗ 21ಕ್ಕಿಂತ ಚೂರು ಗಿಡ್ಡ, ದೂರ ಹೋಗುತ್ತಿರುವ ಭಾಗದ್ದು ಚೂರು ಉದ್ದ. ಹೀಗೆ ಗೆಲಾಕ್ಸಿ ಗಿರಕಿ ಹೊಡೆಯುವ ವೇಗ ಅಳೆಯಬಹುದು. ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ದೇವಯಾನಿಯ ಹೊಳೆಯುವ ಅನಿಲ ಮೋಡಗಳ ಬೆಳಕಿನಿಂದ ಇದೇ ಅಳತೆ ಮಾಡಿದ್ದರು. ಅಂಚಿಗೆ ಹೋದಂತೆ ವೇಗ ಕಡಿಮೆ ಆಗಬೇಕಿತ್ತು. ಸೂರ್ಯನಿಂದ ದೂರದ ನೆಪ್ಚೂನ್ ಬುಧನಿಗಿಂತ ನಿಧಾನ ಅಲ್ಲವೇ? ಆದರೆ ಅಷ್ಟು ಕಡಿಮೆ ಆಗಲಿಲ್ಲ. ನಕ್ಷತ್ರಗಳು ವಿರಳವಾದ ಹೊರಗಿನ ಅಂಚಿನಲ್ಲೂ ಹೈಡ್ರೋಜನ್ ಇದೆ, ಆದ್ದರಿಂದ ರೇಡಿಯೊದವರು ಇನ್ನೂ ಆಚೆಗೆ ಅಳೆದರು. ಅಲ್ಲೂ ವೇಗ ಇಳಿಯಲಿಲ್ಲ. ಅಷ್ಟು ವೇಗದಲ್ಲಿ ತಿರುಗುವ ಅನಿಲವನ್ನು ಹಿಡಿದಿಡಲು ಕಾಣುವ ನಕ್ಷತ್ರಗಳ ತೂಕ ಸಾಲದು. ಯಾವ ಬೆಳಕಿನಲ್ಲೂ ಕಾಣದ ಇನ್ನೇನೋ ಅಲ್ಲಿದೆ. ಅದಕ್ಕೆ ಕಪ್ಪುದ್ರವ್ಯ ಎಂದು ಹೆಸರಿಟ್ಟಿದ್ದಾರೆ. ಅದು ಏನು ಎಂಬುದು ಇವತ್ತಿಗೂ ಬಿಡಿಸದ ಲೆಕ್ಕ.

ನಮ್ಮದೇ ರಾಜ್ಯದಲ್ಲಿ, ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರದ ಖೋಡದ್ ಹಳ್ಳಿಯಲ್ಲಿ ದೈತ್ಯ ಮೀಟರ್‌ತರಂಗ ರೇಡಿಯೊ ದೂರದರ್ಶಕ ಇದೆ. ಒಂದೊಂದೂ 45 ಮೀಟರ್ ಅಗಲದ 30 ಬೋಗುಣಿಗಳು, ಸುಮಾರು 25 ಕಿಲೋಮೀಟರ್ ಹರವಿನಲ್ಲಿ ಚೆಲ್ಲಿಕೊಂಡು ಒಂದೇ ದೂರದರ್ಶಕದಂತೆ ದುಡಿಯುತ್ತವೆ. 2020ರಲ್ಲಿ ಪುಣೆ ಮತ್ತು ಬೆಂಗಳೂರಿನ ವಿಜ್ಞಾನಿಗಳು ಇದರಿಂದ 7653 ಗೆಲಾಕ್ಸಿಗಳ ಹೈಡ್ರೋಜನ್ ಸಂಕೇತಗಳನ್ನು ಒಂದರ ಮೇಲೊಂದು ಪೇರಿಸಿ ಸುಮಾರು 800 ಕೋಟಿ ವರ್ಷ ಹಿಂದಿನ ಅನಿಲವನ್ನು ಅಳೆದರು. ಒಂದೊಂದೇ ಗೆಲಾಕ್ಸಿಯ ಸಂಕೇತ ಕೇಳಿಸದಷ್ಟು ಸಣ್ಣದು. ಒಬ್ಬ ಹುಡುಗ ಪಿಸುಗುಟ್ಟಿದರೆ ಮುಖ್ಯಗುರುಗಳ ಕೋಣೆಗೆ ಕೇಳುವುದಿಲ್ಲ, ಇಡೀ ಶಾಲೆ ಒಟ್ಟಿಗೆ ಪಿಸುಗುಟ್ಟಿದರೆ ಕೇಳುತ್ತದೆ! ಅಷ್ಟು ದೂರದಿಂದ ಬರುವಷ್ಟರಲ್ಲಿ ವಿಶ್ವ ಹಿಗ್ಗಿದ್ದರಿಂದ 21 ಸೆಂಟಿಮೀಟರ್‌ನ ತರಂಗ ಸರಾಸರಿ 42ರಷ್ಟು ಉದ್ದಕ್ಕೆ ಎಳೆದುಹೋಗಿರುತ್ತದೆ.

ನೀಲಗಿರಿಯ ಓದುಗರು ಊಟಿಯ ಮುತ್ತೋರೈಯ ದೂರದರ್ಶಕವನ್ನು ನೋಡಿರಬಹುದು. 530 ಮೀಟರ್ ಉದ್ದ, 30 ಮೀಟರ್ ಅಗಲ. 1970ರಿಂದ ಗುಡ್ಡದ ಇಳಿಜಾರಿನ ಮೇಲೆ ಮಲಗಿದೆ. ಆ ಇಳಿಜಾರು ಊಟಿಯ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ. ಆದ್ದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರ, ಅದೊಂದೇ ಅಕ್ಷದ ಸುತ್ತ ತಿರುಗಿಸಿದರೆ ಆಕಾಶದ ಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಇದನ್ನೂ ಪುಣೆಯದನ್ನೂ ಕಟ್ಟಿಸಿದವರು ಒಬ್ಬರೇ, ಗೋವಿಂದ ಸ್ವರೂಪ್.

ಈಗ ಚಾರ್ಟಿನ ಕೇಸರಿ ಬಳೆಗಳಿಗೆ ಬರೋಣ. ಗೆಲಾಕ್ಸಿಯ ಒಳಗೆ ನಕ್ಷತ್ರಗಳ ನಡುವೆ ಬಹಳ ನುಣುಪಾದ ದೂಳು ಇದೆ. ಕಣ್ಣಿಗೆ ಕಾಣುವ ಬೆಳಕಿನ ಫೋಟೊದಲ್ಲಿ ಅದು ಕಪ್ಪು ಗೆರೆ, ಅಂದರೆ ಹಿಂದಿನ ಬೆಳಕಿಗೆ ಅಡ್ಡ ನಿಂತ ಪರದೆ. ಆದರೆ ಆ ದೂಳು ನಕ್ಷತ್ರಗಳ ಬೆಳಕನ್ನು ಹೀರಿ ತುಸು ಬೆಚ್ಚಗಾಗಿ ತಾನೇ ಅವಕೆಂಪು ಬೆಳಕನ್ನು ಬಿಡುತ್ತದೆ. ಬೆಚ್ಚಗೆ ಅಂದರೆ ನಮ್ಮ ಲೆಕ್ಕದ ಬೆಚ್ಚಗೆ ಅಲ್ಲ. ಹೆಚ್ಚಿನ ದೂಳು ಸೊನ್ನೆಗಿಂತ 200 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೇ ಇರುತ್ತದೆ. 2003ರಲ್ಲಿ ಹಾರಿಸಿದ ಸ್ಪಿಟ್ಜರ್, 2009ರಲ್ಲಿ ಹಾರಿಸಿದ ಹರ್ಷೆಲ್ ಎಂಬ ಬಾಹ್ಯಾಕಾಶ ದೂರದರ್ಶಕಗಳು ದೇವಯಾನಿಯನ್ನು ಈ ಬೆಳಕಿನಲ್ಲಿ ನೋಡಿದಾಗ ಸುರುಳಿಗಿಂತ ಹೆಚ್ಚಾಗಿ ಉಂಗುರಗಳೇ ಎದ್ದು ಕಂಡವು. ಅತಿ ಪ್ರಖರವಾದ ಉಂಗುರ ನಡುವಿನಿಂದ ಸುಮಾರು 33 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ. ಕಪ್ಪಗಿದ್ದದ್ದು ಬೆಳಗಿತು, ಬೆಳಗುತ್ತಿದ್ದದ್ದು ಹಿಂದೆ ಸರಿಯಿತು. ಸಣ್ಣ ಸಂಗಾತಿ ಗೆಲಾಕ್ಸಿಯೊಂದು ಹಿಂದೆಂದೋ ದೇವಯಾನಿಯ ನಡುವೆ ತೂರಿಹೋಗಿ, ಕೆರೆಗೆ ಕಲ್ಲು ಬಿದ್ದಾಗ ಏಳುವ ಅಲೆಗಳಂತೆ ಈ ಉಂಗುರಗಳು ಎದ್ದಿರಬಹುದು ಎಂದು ಕೆಲವು ವಿಜ್ಞಾನಿಗಳ ಅಭಿಪ್ರಾಯ.

ಅವಕೆಂಪು ದೂರದರ್ಶಕಕ್ಕೆ ಒಂದು ವಿಚಿತ್ರ ತೊಂದರೆ. ಬೆಚ್ಚಗಿರುವ ಎಲ್ಲವೂ ಅವಕೆಂಪು ಬಿಡುತ್ತದೆ, ದೂರದರ್ಶಕವೂ ಸೇರಿ. ಹಾಡು ಹಗಲಿನಲ್ಲಿ, ದೂರದರ್ಶಕಕ್ಕೇ ಬೆಂಕಿ ಹತ್ತಿರುವಾಗ ನಕ್ಷತ್ರ ನೋಡಿದಂತೆ. ಅದಕ್ಕೇ ಹರ್ಷೆಲ್‌ನ ಉಪಕರಣಗಳನ್ನು ದ್ರವ ಹೀಲಿಯಂನಿಂದ ತಣ್ಣಗೆ ಇಟ್ಟಿದ್ದರು. 2013ರಲ್ಲಿ ಹೀಲಿಯಂ ತೀರಿತು, ಕೆಲಸವೂ ಮುಗಿಯಿತು. ಗಾಳಿಯಲ್ಲಿರುವ ನೀರಾವಿ ಅವಕೆಂಪಿನ ಬಹುಭಾಗವನ್ನು ನುಂಗುತ್ತದೆ. ನೆಲದ ಮೇಲಿಂದಲೇ ನೋಡಬೇಕೆಂದರೆ ಲಡಾಖಿನ ಹಾನ್ಲೆಯಂಥ ಎತ್ತರದ ಒಣ ಜಾಗ ಬೇಕು. ಸುಮಾರು 4500 ಮೀಟರ್ ಎತ್ತರದಲ್ಲಿ ಅಲ್ಲಿ ಭಾರತದ 2 ಮೀಟರ್ ದೂರದರ್ಶಕ ಇದೆ. ಅದನ್ನು ನಡೆಸುವವರು ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಚಳಿಗೆ ಕೈ ಮರಗಟ್ಟುವ ಕಷ್ಟ ಇಲ್ಲ!

ಅತಿನೇರಳೆಯನ್ನು ಓಜೋನ್ ತಡೆಯುತ್ತದೆ. ನಮ್ಮ ಚರ್ಮಕ್ಕೆ ಒಳ್ಳೆಯದು, ಖಗೋಳ ವಿಜ್ಞಾನಿಗೆ ಅಲ್ಲ. ಭಾರತ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ 37.5 ಸೆಂಟಿಮೀಟರ್ ಕನ್ನಡಿಯ ಎರಡು ಅವಳಿ ದೂರದರ್ಶಕಗಳಿವೆ. ಇವುಗಳ ತಯಾರಿಕೆಯ ಮುಂದಾಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಒಮ್ಮೆಗೆ ಅವಕ್ಕೆ ಕಾಣುವುದು ಚಂದ್ರನಿಗಿಂತ ಚೂರು ಕಡಿಮೆ ಅಗಲದ ಆಕಾಶ, ಆದ್ದರಿಂದ ದೇವಯಾನಿಯನ್ನು ತುಂಡು ತುಂಡಾಗಿ ನೋಡಿ ಕೌದಿ ಹೊಲಿದಂತೆ ಜೋಡಿಸಿದರು. ಈ ಚಿತ್ರದಲ್ಲಿ ಬಾಡೆಯವರ ಮುದಿ ಕೆಂಪು ನಕ್ಷತ್ರಗಳು ಬಹುಪಾಲು ಮರೆಯಾಗಿ, ಈಚೆಗೆ ಹುಟ್ಟಿದ ಬಿಸಿ ನಕ್ಷತ್ರಗಳ ಗುಂಪುಗಳು ಮಾಲೆಯಂತೆ ಎದ್ದು ಕಾಣುತ್ತವೆ. ಆ ಮಾಲೆ ಇರುವುದು ಎಲ್ಲಿ? ಹೆಚ್ಚಾಗಿ ಅದೇ ದೂಳಿನ ಉಂಗುರಗಳ ಮೇಲೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗುವುದು, ನಕ್ಷತ್ರ ಹುಟ್ಟುವ ಮನೆ ಯಾವುದು ಅಂತ.

ಚಾರ್ಟಿನ ನೀಲಿ ಚುಕ್ಕೆಗಳು ಇದಕ್ಕೆ ಪೂರಾ ಉಲ್ಟಾ. ಅವು ಕ್ಷ-ಕಿರಣ. ಅನಿಲ ಕೋಟಿಗಟ್ಟಲೆ ಡಿಗ್ರಿಗೆ ಕಾದಾಗ ಬರುವ ಬೆಳಕು. ಸತ್ತ ನಕ್ಷತ್ರವೊಂದು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗಿ, ಜೊತೆಗಿರುವ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುವಾಗ ಹೀಗಾಗುತ್ತದೆ. ಕ್ಷ-ಕಿರಣ ಕನ್ನಡಿಗೆ ನೇರ ಬಿದ್ದರೆ ಒಳಗೆ ಇಂಗಿಹೋಗುತ್ತದೆ, ಪ್ರತಿಫಲಿಸುವುದಿಲ್ಲ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಪುಟಿದು ಹೋಗುತ್ತದಲ್ಲ, ಹಾಗೆ ಓರೆಯಾಗಿ ಸವರಿಕೊಂಡು ಹೋಗುವಂತೆ ಕೊಳವೆಯಾಕಾರದ ಕನ್ನಡಿ ಮಾಡುತ್ತಾರೆ. 1999ರಲ್ಲಿ ಹಾರಿದ ಚಂದ್ರಾ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಎರಡರದ್ದೂ ಇಂಥ ಕನ್ನಡಿಗಳೇ. ಚಂದ್ರಾ ಎಂಬ ಹೆಸರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ. ದೇವಯಾನಿಯ ನಟ್ಟನಡುವೆ ಹತ್ತು ಕೋಟಿ ಸೂರ್ಯರಿಗಿಂತ ಹೆಚ್ಚು ತೂಕದ ಕಪ್ಪುಕುಳಿ ಇದೆ, ಆದರೆ ಸದ್ಯ ಹೆಚ್ಚು ಸದ್ದಿಲ್ಲದೆ ಇದೆ. ಗಾಮಾ ಕಿರಣದಲ್ಲೂ ದೇವಯಾನಿ ಮಸುಕಾಗಿ ಕಂಡಿದೆ.

ಅಂದರೆ 2011ರಲ್ಲಿ ಪ್ರಕಟವಾದ ಆ ಚಿತ್ರದಲ್ಲಿ ಕೇಸರಿ ಅಂದರೆ ನಕ್ಷತ್ರಗಳು ಹುಟ್ಟುವ ಜಾಗ, ನೀಲಿ ಅಂದರೆ ಸತ್ತವು ಉಳಿಸಿಹೋದ ಗುರುತು. ನಾನು ಇದನ್ನು ಎಷ್ಟೋ ವರ್ಷ "ನೋಡ್ರಿ, ಎಷ್ಟು ಚೆಂದ" ಅಂತಷ್ಟೇ ತೋರಿಸುತ್ತಿದ್ದೆ.

ಒಂದೇ ಬೆಳಕನ್ನು ನಂಬಿದರೆ ಎಷ್ಟು ದೊಡ್ಡ ಸಂಗತಿ ತಪ್ಪಿಹೋಗಬಹುದು ಎನ್ನುವುದಕ್ಕೆ ಇನ್ನೊಂದೇ ಉದಾಹರಣೆ. ಸಪ್ತರ್ಷಿ ಮಂಡಲದ ಕಡೆ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂ 81, ಎಂ 82, ಎನ್‌ಜಿಸಿ 3077 ಎಂಬ ಮೂರು ಗೆಲಾಕ್ಸಿಗಳಿವೆ. ಸಾಮಾನ್ಯ ಫೋಟೊದಲ್ಲಿ ಮೂರೂ ಬೇರೆ ಬೇರೆ, ನಡುವೆ ಕಪ್ಪು ಆಕಾಶ. ಆದರೆ ಎಂ 82 ವಿಪರೀತ ವೇಗದಲ್ಲಿ ನಕ್ಷತ್ರಗಳನ್ನು ಹೆರುತ್ತಿದೆ, ಯಾಕೆ ಎಂದು ಆ ಫೋಟೊ ನೋಡಿದರೆ ಗೊತ್ತಾಗುವುದಿಲ್ಲ. 1994ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ 27 ಬೋಗುಣಿಗಳ ರೇಡಿಯೊ ದೂರದರ್ಶಕದಿಂದ 21 ಸೆಂಟಿಮೀಟರ್ ಬೆಳಕಿನ ನಕ್ಷೆ ಬಂತು. ಮೂರರ ನಡುವೆಯೂ ಹೈಡ್ರೋಜನ್‌ನ ಉದ್ದುದ್ದ ಸೇತುವೆಗಳು! ಹಿಂದೆ ಒಂದರ ಹತ್ತಿರ ಒಂದು ಹಾದುಹೋದಾಗ ಗುರುತ್ವ ಎಳೆದು ಚಾಚಿದ ಅನಿಲ ಅದು. ಕಪ್ಪು ಆಕಾಶ ಖಾಲಿ ಇರಲೇ ಇಲ್ಲ.

ಹಾಗಾದರೆ ಬಣ್ಣ ಹಚ್ಚುವವರು ಯಾರು? ದೂರದರ್ಶಕದ ಕ್ಯಾಮೆರಾ ಕೊಡುವುದು ಅಂಕಿಗಳನ್ನು: ಈ ಚೌಕದಲ್ಲಿ ಇಷ್ಟು ಬೆಳಕು, ಆ ಚೌಕದಲ್ಲಿ ಅಷ್ಟು. ಅದನ್ನು ಚಿತ್ರ ಮಾಡಿದರೆ ಕಪ್ಪು-ಬಿಳುಪು. ಮುಂದೆ ಒಂದು ಫಿಲ್ಟರ್ ಇಟ್ಟು ಒಮ್ಮೆ, ಇನ್ನೊಂದು ಇಟ್ಟು ಇನ್ನೊಮ್ಮೆ ತೆಗೆಯುತ್ತಾರೆ. ಆಮೇಲೆ ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟು ಒಂದರ ಮೇಲೊಂದು ಇಡುತ್ತಾರೆ. ಸಾಮಾನ್ಯವಾಗಿ ಉದ್ದ ತರಂಗಕ್ಕೆ ಕೆಂಪಿನ ಕಡೆಯ ಬಣ್ಣ, ಗಿಡ್ಡ ತರಂಗಕ್ಕೆ ನೀಲಿಯ ಕಡೆಯದು. ಕಾಮನಬಿಲ್ಲಿನ ಕ್ರಮವನ್ನೇ ಉಳಿಸಿಕೊಳ್ಳುತ್ತಾರೆ. ನಮ್ಮ ಚಾರ್ಟಿನಲ್ಲೂ ಹಾಗೇ ಇದೆ. ಬಣ್ಣದ ಆಯ್ಕೆ ಮನುಷ್ಯರದು, ಎಲ್ಲಿ ಎಷ್ಟು ಬೆಳಕು ಎಂಬುದು ಗೆಲಾಕ್ಸಿಯದು. ಭೂಗೋಳದ ಪುಸ್ತಕದ ಮಳೆ ನಕ್ಷೆಯಲ್ಲಿ ಕೊಂಕಣಕ್ಕೆ ಕಡು ನೀಲಿ, ನಮ್ಮ ಜತ್ತಕ್ಕೆ ಹಳದಿ ಹಚ್ಚಿರುತ್ತಾರೆ. ಹಳದಿ ಮಳೆ ಬೀಳುತ್ತದೆಂದು ಯಾರೂ ತಿಳಿಯುವುದಿಲ್ಲ, ಆದರೆ ಆ ಹಳದಿ ಎಷ್ಟು ಖರೇ ಎಂದು ನಮ್ಮ ಬಾವಿಗಳಿಗೆ ಗೊತ್ತು.

ಮೋಸ ಆಗುವುದು ಅಡಿಬರಹ ಇಲ್ಲದಿದ್ದಾಗ. ಅದೇ ದೇವಯಾನಿಯ ಒಂದು ಚಿತ್ರದಲ್ಲಿ ನೀಲಿ ಅಂದರೆ ಕ್ಷ-ಕಿರಣ, ಇನ್ನೊಂದರಲ್ಲಿ ಅತಿನೇರಳೆ, ಮತ್ತೊಂದರಲ್ಲಿ ನಿಜವಾಗಿಯೂ ನೀಲಿ ಬೆಳಕು. ಮೊಬೈಲಿನಲ್ಲಿ ಹಂಚಿಕೊಳ್ಳುವವರು ಅಡಿಬರಹ ಕತ್ತರಿಸಿ ಚಿತ್ರ ಮಾತ್ರ ಕಳಿಸುತ್ತಾರೆ. ಯಾವ ದೂರದರ್ಶಕ, ಯಾವ ಬೆಳಕು, ಯಾವುದಕ್ಕೆ ಯಾವ ಬಣ್ಣ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಗದ ಚಿತ್ರವನ್ನು ನಾನು ಈಗ ತರಗತಿಗೆ ತರುವುದಿಲ್ಲ.

ಮುಂದಿನ ವಾರ ಆ ಹುಡುಗಿಯನ್ನು ಕರೆದು, ಎಲ್ಲರ ಎದುರಿಗೆ, "ನಾ ಅವತ್ತ ಹೇಳಿದ್ದು ತಪ್ಪಿತ್ತವಾ" ಅಂತ ಹೇಳಿ ರಿಮೋಟಿನಿಂದ ಶುರುಮಾಡಿ ಇಷ್ಟನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು: "ಹಂಗಾದ್ರ ಅವಕೆಂಪಿಗೆ ನಾವು ಹಸಿರು ಹಚ್ಚಿದ್ರ ನಡೀತದೇನ್ರಿ?"

"ನಡೀತದ. ಕೆಳಗ ಬರದಿರಬೇಕು, ಅಷ್ಟ."

ಈಗ ಚಾರ್ಟಿನ ಪಕ್ಕದಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ಇನ್ನೊಂದು ದೇವಯಾನಿ ತೂಗಾಡುತ್ತಿದೆ. ಹಸಿರು ಬಳೆಗಳು, ನಡುವೆ ಗುಲಾಬಿ ಚುಕ್ಕೆಗಳು, ಕೆಳಗೆ ಮಕ್ಕಳ ಅಕ್ಷರದಲ್ಲಿ: ಹಸಿರು – ಅವಕೆಂಪು, ದೂಳು, ಗುಲಾಬಿ – ಕ್ಷ-ಕಿರಣ, ಸತ್ತ ನಕ್ಷತ್ರಗಳು. ನೋಡಲು ಅಷ್ಟೇನೂ ಚೆಂದ ಆಗಿಲ್ಲ.